ಮೀನಿಗೆ ಬಟಾಣಿ ಹಾಕಿದ ಕೊಲ್ಲಿಯ ಕಥೆ

ಹವಾಯಿಗೆ ಟ್ರಿಪ್ ಹೋದವರ ಫೋಟೋಗಳಲ್ಲಿ ಒಂದು ಜಾಗ ನೀವು ನೋಡಿರ್ತೀರಿ. ಸುತ್ತ ಗುಡ್ಡ, ನಡುವೆ ತಿಳಿನೀಲಿ ನೀರು. ಹೆಸರು ಹನೌಮಾ ಬೇ. ಒವಾಹು ದ್ವೀಪದಲ್ಲಿದೆ. ಹಳೇ ಜ್ವಾಲಾಮುಖಿಯ ಬಾಯಿ ಒಂದು ಕಡೆ ಒಡೆದು, ಸಮುದ್ರ ಒಳಗೆ ನುಗ್ಗಿ ಆದ ಕೊಲ್ಲಿ. ಮಾಸ್ಕ್ ಹಾಕಿಕೊಂಡು ಸೊಂಟದಷ್ಟು ನೀರಲ್ಲಿ ಮುಖ ಮುಳುಗಿಸಿದರೆ ಸಾಕು, ಹವಳ ಕೆರೆದು ತಿನ್ನೋ ಗಿಳಿಮೀನು ಎದುರಿಗೇ ಇರುತ್ತೆ. ಅಲ್ಲಿನ ರಾಜ್ಯಮೀನಿನ ಹೆಸರಂತೂ ಹುಮುಹುಮುನುಕುನುಕುಆಪುಆಆ! ಹಂದಿಯಂಥ ಮೂತಿ ಇರೋದು ಅಂತ ಅರ್ಥ. ಒಂದೇ ಉಸಿರಲ್ಲಿ ಹೇಳಿ ನೋಡಿ.

1961ರಲ್ಲಿ ಎಲ್ವಿಸ್ ಪ್ರೀಸ್ಲಿಯ ‘ಬ್ಲೂ ಹವಾಯಿ’ ಸಿನಿಮಾದಲ್ಲಿ ಈ ಕಡಲತೀರ ಬಂತು. 1967ರಲ್ಲಿ ಸರ್ಕಾರ ಇಲ್ಲಿ ಮೀನು ಹಿಡಿಯೋದನ್ನ ನಿಲ್ಲಿಸಿ, ಕೊಲ್ಲಿಯನ್ನ ಸಂರಕ್ಷಿತ ಪ್ರದೇಶ ಮಾಡಿತು. ಹವಾಯಿಯಲ್ಲಿ ಇಂಥದ್ದು ಇದೇ ಮೊದಲು.

ಕಥೆ ತಿರುಗೋದು ಇಲ್ಲೇ. ಗಾಳ ಇಲ್ಲ, ಈಟಿ ಇಲ್ಲ ಅಂದಮೇಲೆ ಮೀನುಗಳಿಗೆ ಮನುಷ್ಯರ ಭಯ ಹೋಯ್ತು. ಮೀನು ಹತ್ತಿರ ಬರುತ್ತೆ ಅಂತ ಗೊತ್ತಾದಮೇಲೆ ಜನ ಬಂದರು. ಟೂರ್ ಬಸ್ಸುಗಳು ಬಂದವು. 1980ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 30 ಲಕ್ಷ ಜನ! ಇರೋದು ಒಂದು ಸಣ್ಣ ಕೊಲ್ಲಿ, ನೆನಪಿರಲಿ.

ಬಂದವರು ಸುಮ್ಮನೆ ನೋಡಲಿಲ್ಲ, ತಿನ್ನಿಸಿದರು. ಬ್ರೆಡ್ಡು, ಅದಕ್ಕಿಂತ ಹೆಚ್ಚಾಗಿ ಫ್ರೀಜರ್ ಬಟಾಣಿ. ಪ್ಯಾಕೆಟ್ ಒಡೆದು ನೀರಿಗೆ ಸುರಿದರೆ ಮೀನುಗಳು ಮುತ್ತಿಕೊಳ್ತಿದ್ದವು. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಎರಚಿದವರಿಗೆ ಆ ಖುಷಿ ಗೊತ್ತು, ಹಾಗಾಗಿ ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಆದರೆ ಲೆಕ್ಕ ತಪ್ಪಿತು. ಜಗಳಗಂಟ ಜಾತಿಯ ಮೀನುಗಳು ಹೆಚ್ಚಾದವು, ಸಾಧು ಮೀನುಗಳು ಹಿಂದೆ ಸರಿದವು. ಪಾಚಿ ಮೇಯಬೇಕಾದ ಮೀನು ಬಟಾಣಿಗೆ ಕಾಯ್ತಾ ಕೂತರೆ ಹವಳದ ಮೇಲಿನ ಪಾಚಿ ತಿನ್ನೋರ್ಯಾರು? ಜೊತೆಗೆ ಸಾವಿರಾರು ಕಾಲುಗಳು ಹವಳವನ್ನೇ ತುಳೀತಿದ್ದವು. ಅದು ಕಲ್ಲಲ್ಲ, ಜೀವ.

1990ರಿಂದ ಬಿಗಿ ಶುರುವಾಯ್ತು. ಬಸ್ಸುಗಳಿಗೆ ಮಿತಿ, ಪಾರ್ಕಿಂಗ್ ತುಂಬಿದರೆ ವಾಪಸ್. 1999ರಲ್ಲಿ ಮೀನಿಗೆ ತಿನ್ನಿಸೋದೂ ಬಂದ್. 2002ರಲ್ಲಿ ಶಿಕ್ಷಣ ಕೇಂದ್ರ ಬಂತು: ಒಂದು ವಿಡಿಯೋ ನೋಡಿದಮೇಲೇ ನೀರಿಗೆ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್ ಇರೋ ಸನ್‌ಸ್ಕ್ರೀನ್ ಮಾರಾಟವನ್ನ ರಾಜ್ಯವೇ 2021ರಿಂದ ನಿಲ್ಲಿಸಿತು.

ಅಷ್ಟರಲ್ಲಿ ಕೋವಿಡ್. 2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಗೇಟ್ ಬಂದ್. ಆ ಖಾಲಿ ತಿಂಗಳುಗಳಲ್ಲಿ ಹವಾಯಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಳೆದು ನೋಡಿದರೆ ನೀರು ತಿಳಿಯಾಗಿತ್ತು. ‘ಜನ ಕಡಿಮೆಯಾದರೆ ಏನಾಗುತ್ತೆ’ ಅನ್ನೋ ವಾದಕ್ಕೆ ಕೈಯಲ್ಲಿ ಅಂಕಿ ಸಿಕ್ಕಿತು. ಆಮೇಲೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ, ಪ್ರವಾಸಿಗರಿಗೆ ಆನ್‌ಲೈನ್ ಬುಕಿಂಗ್, 25 ಡಾಲರ್ ಟಿಕೆಟ್. ಹವಾಯಿಯ ನಿವಾಸಿಗಳಿಗೆ ಮಾತ್ರ ಪುಕ್ಕಟೆ. ಬಿ.ಕಾಂ ಓದಿದವನಾಗಿ ನನಗೆ ಇದು ಸರಿ ಅನ್ಸುತ್ತೆ. ದಶಕಗಳ ಕಾಲ ಪ್ರವಾಸಿಗರ ನೂಕುನುಗ್ಗಲಲ್ಲಿ ತಮ್ಮದೇ ಕಡಲಿಗೆ ಕಾಲಿಡೋಕಾಗದೆ ಹೋದವರು ಅವರೇ ತಾನೆ?

ಹೋಗೋರಿದ್ದರೆ ಕೇಳಿ. ಸೋಮವಾರ, ಮಂಗಳವಾರ ರಜೆ. ಬುಕಿಂಗ್ ತೆರೆಯೋದು ಎರಡು ದಿನ ಮೊದಲು, ಅಲ್ಲಿನ ಬೆಳಿಗ್ಗೆ 7ಕ್ಕೆ, ಅಂದ್ರೆ ನಮ್ಮ ರಾತ್ರಿ 10:30ಕ್ಕೆ. ತತ್ಕಾಲ್ ಟಿಕೆಟ್ ತೆಗೆದು ಬೆರಳು ಪಳಗಿದೆಯಲ್ಲ, ಇಲ್ಲಿ ಕೆಲಸಕ್ಕೆ ಬರುತ್ತೆ.