ಲ್ಯಾಂಡ್‌ಲೈನ್ ನೆಟ್ಟಾ, ಕೇಬಲ್ ನೆಟ್ಟಾ? ಮನೆಗೆ ಯಾವುದು ಸ್ಪೀಡು? ಇಲ್ಲಿದೆ ಮಾಹಿತಿ

ಶಿವಮೊಗ್ಗ: ಪೇಟೆಯ ಮನೆಯಲ್ಲಿ ನೆಟ್ 50 ಎಂಬಿಪಿಎಸ್ ಓಡುತ್ತೆ. ಅದೇ ತಾಲೂಕಿನ ತೋಟದ ಮನೆಗೆ 2 ಬಂದರೆ ಹೆಚ್ಚು. ಮಕ್ಕಳ ಆನ್‌ಲೈನ್ ಕ್ಲಾಸು, ವರ್ಕ್ ಫ್ರಂ ಹೋಂ ಅಂತ ಊರಿಗೆ ಬಂದವರ ಕೆಲಸ ಎಲ್ಲವೂ ಈ ಅಂಕಿಯ ಮೇಲೆ ನಿಂತಿದೆ. ಇದರಲ್ಲಿ ಕಂಪನಿಯ ಪಾತ್ರಕ್ಕಿಂತ ಮನೆಗೆ ಬಂದಿರುವ ತಂತಿಯ ಪಾತ್ರವೇ ದೊಡ್ಡದು.

ಡಿಎಸ್ಎಲ್ ಅಂದರೆ ಹಳೇ ಲ್ಯಾಂಡ್‌ಲೈನ್ ಫೋನಿನ ತಾಮ್ರದ ತಂತಿಯಲ್ಲೇ ಬರುವ ಇಂಟರ್ನೆಟ್. ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಅಂತ 2005ರಿಂದ ಊರೂರಿಗೆ ಬಂದಿದ್ದು ಇದೇ. ಆಗ 256 ಕೆಬಿಪಿಎಸ್ ಸಿಕ್ಕರೆ ಅದನ್ನೇ ಬ್ರಾಡ್‌ಬ್ಯಾಂಡ್ ಅನ್ನುತ್ತಿದ್ದರು. 2023ರಲ್ಲಿ ಸರ್ಕಾರ ಈ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿದೆ.

ಎಡಿಎಸ್ಎಲ್2+ ತಂತ್ರಜ್ಞಾನದ ಗರಿಷ್ಠ ವೇಗ 24 ಎಂಬಿಪಿಎಸ್. ಆದರೆ ಅದು ಎಕ್ಸ್‌ಚೇಂಜ್ ಪಕ್ಕದ ಮನೆಗೆ ಮಾತ್ರ. ತಂತಿ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. 3 ಕಿ.ಮೀ. ದಾಟಿದರೆ ಸಾಮಾನ್ಯವಾಗಿ 10ಕ್ಕಿಂತ ಕೆಳಗೆ, 5 ಕಿ.ಮೀ. ಹತ್ತಿರ 2 ಸಿಕ್ಕರೆ ಪುಣ್ಯ. ಇಲ್ಲಿ ಲೆಕ್ಕಕ್ಕೆ ಬರೋದು ರಸ್ತೆಯ ದೂರ ಅಲ್ಲ, ತಂತಿ ಸುತ್ತಿ ಬಂದ ದೂರ. ಮಲೆನಾಡಿನ ಒಂಟಿ ಮನೆಗಳಿಗೆ ಪೆಟ್ಟು ಬೀಳೋದೇ ಇಲ್ಲಿ. ಮಳೆಗಾಲದಲ್ಲಿ ಜಾಯಿಂಟ್‌ಗೆ ನೀರು ಹೋದರೆ ಫೋನಲ್ಲಿ ಗೊರಗೊರ ಸದ್ದು ಬರುತ್ತದಲ್ಲ, ಆಗ ನೆಟ್ ಕೂಡ ಕುಂಟುತ್ತದೆ. ವಿಡಿಎಸ್ಎಲ್ ಇದ್ದರೆ 50-100 ಎಂಬಿಪಿಎಸ್ ಸಾಧ್ಯ, ಅದೂ ಕೆಲವೇ ನೂರು ಮೀಟರ್ ಒಳಗೆ.

ಕೇಬಲ್ ನೆಟ್ ಬರೋದು ಟಿವಿಯ ದಪ್ಪ ಕಪ್ಪು ವೈರಿನಲ್ಲಿ. ದಾರಿ ಮಧ್ಯೆ ಆಂಪ್ಲಿಫೈಯರ್ ಇರುವುದರಿಂದ ದೂರದ ಸಮಸ್ಯೆ ಅಷ್ಟಿಲ್ಲ. ಡಾಕ್ಸಿಸ್ 3.0 ಮೋಡೆಮ್ 8 ಚಾನೆಲ್ ಸೇರಿಸಿಕೊಂಡರೆ 300 ಎಂಬಿಪಿಎಸ್ ಮೀರಬಲ್ಲದು. ಹಾಗಾಗಿ ಬರೀ ವೇಗ ನೋಡಿದರೆ ಕೇಬಲ್ಲೇ ಮುಂದೆ. 1 ಜಿಬಿ ಫೈಲ್ ಇಳಿಸಲು 2 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ದಾಟುತ್ತದೆ, 50ರಲ್ಲಿ ಮೂರು ನಿಮಿಷವೂ ಬೇಡ.

ಆದರೆ ಕೇಬಲ್ ಬೀದಿಯವರೆಲ್ಲ ಹಂಚಿಕೊಳ್ಳುವ ನಲ್ಲಿ ಇದ್ದಂತೆ. ಬೆಳಗ್ಗೆ 6ಕ್ಕೆ ಭರ್ಜರಿ, ರಾತ್ರಿ 8ರಿಂದ 10 ಎಲ್ಲರೂ ವಿಡಿಯೋ ಹಾಕಿದಾಗ ಸಣ್ಣ ಧಾರೆ. ಡಿಎಸ್ಎಲ್‌ನಲ್ಲಿ ಎಕ್ಸ್‌ಚೇಂಜ್‌ವರೆಗಿನ ತಂತಿ ನಿಮ್ಮೊಬ್ಬರದ್ದೇ, ಅಲ್ಲಿಂದ ಮುಂದಷ್ಟೇ ಹಂಚಿಕೆ. ಅಪ್‌ಲೋಡ್ ಎರಡರಲ್ಲೂ ಕಡಿಮೆ. ವಿಡಿಯೋ ಕಾಲ್‌ನಲ್ಲಿ ನಿಮಗೆ ಎಲ್ಲರೂ ಚೆನ್ನಾಗಿ ಕಂಡು, ನೀವು ಮಾತ್ರ ಆ ಕಡೆಯವರಿಗೆ ಫ್ರೀಜ್ ಆಗೋದು ಹೆಚ್ಚಾಗಿ ಇದರಿಂದಲೇ. ಎಡಿಎಸ್ಎಲ್‌ನಲ್ಲಿ ಅಪ್‌ಲೋಡ್ ಸುಮಾರು 1 ಎಂಬಿಪಿಎಸ್‌ಗೇ ನಿಲ್ಲುತ್ತದೆ.

ಕರೆಂಟ್ ಹೋದಾಗ ಆಟ ಬದಲಾಗುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿ ಇರುತ್ತದೆ. ಮನೇಲಿ ಇನ್ವರ್ಟರ್ ಇದ್ದರೆ ಡಿಎಸ್ಎಲ್ ಓಡುತ್ತಲೇ ಇರುತ್ತದೆ. ಕೇಬಲ್‌ನಲ್ಲಿ ಬೀದಿಯ ಆಂಪ್ಲಿಫೈಯರ್‌ಗೆ ಕರೆಂಟ್ ಇಲ್ಲದಿದ್ದರೆ ನಿಮ್ಮ ಇನ್ವರ್ಟರ್ ಇದ್ದೂ ಪ್ರಯೋಜನವಿಲ್ಲ. ಸಿಡಿಲು ಬರುವಾಗ ಪ್ಲಗ್ ಒಂದನ್ನೇ ತೆಗೆದರೆ ಸಾಲದು, ಮೋಡೆಮ್‌ನಿಂದ ಫೋನ್ ಅಥವಾ ಕೇಬಲ್ ವೈರನ್ನೂ ಕಳಚಬೇಕು. ಮೋಡೆಮ್ ಸುಡೋದು ಎಷ್ಟೋ ಸಲ ಆ ದಾರಿಯಿಂದಲೇ.

ಇನ್ನೊಂದು ವಿಷಯ. ‘ಕೇಬಲ್‌ನವರ ನೆಟ್’ ಅಂತ ಕರೆಯೋದರಲ್ಲಿ ಬಹಳಷ್ಟು ಈಗ ಕೇಬಲ್ಲೇ ಅಲ್ಲ. ಟಿವಿ ಕನೆಕ್ಷನ್ ಕೊಡುವವರೇ ಫೈಬರ್ ಎಳೆದು ಕೊಡುತ್ತಿದ್ದಾರೆ. ಬಾಕ್ಸ್ ಮೇಲೆ ‘ಪಾನ್’, ‘ಲಾಸ್’ ಎಂಬ ಲೈಟ್ ಇದ್ದರೆ ಅದು ಫೈಬರ್. ಊರಿನ ಒಳಗಿನ ದೂರಕ್ಕೆ ಅದರಲ್ಲಿ ವೇಗ ಕುಗ್ಗುವುದಿಲ್ಲ. ಮನೆ ಹತ್ತಿರ ಫೈಬರ್ ಬಂದಿದ್ದರೆ ಡಿಎಸ್ಎಲ್, ಕೇಬಲ್ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದನ್ನೇ ಹಾಕಿಸಿಕೊಳ್ಳಿ.

ದೂರು ಕೊಡುವ ಮುಂಚೆ ಲ್ಯಾಪ್‌ಟಾಪನ್ನು ಮೋಡೆಮ್‌ಗೆ ವೈರಿನಿಂದಲೇ ಜೋಡಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ. ವೈಫೈನಲ್ಲಿ ಗೋಡೆಯೇ ಅರ್ಧ ವೇಗ ನುಂಗಿರಬಹುದು. ಡಿಎಸ್ಎಲ್ ಇದ್ದವರು ಮೋಡೆಮ್ ಪುಟದಲ್ಲಿ ಲೈನ್ ಅಟೆನ್ಯುಯೇಷನ್ ನೋಡಿ. ಅದು 50 ಡೆಸಿಬೆಲ್ ದಾಟಿದ್ದರೆ ದುಬಾರಿ ಪ್ಲಾನ್ ಹಾಕಿಸಿದರೂ ದುಡ್ಡು ದಂಡ. ನಾಯ್ಸ್ ಮಾರ್ಜಿನ್ 6ಕ್ಕಿಂತ ಕಡಿಮೆ ಇದ್ದರೆ ಲೈನ್ ಪದೇ ಪದೇ ಕಟ್ ಆಗುತ್ತದೆ. ಲೈನ್‌ಮ್ಯಾನ್‌ಗೆ ಈ ಎರಡು ಅಂಕಿ ಹೇಳಿದರೆ ‘ನೆಟ್ ಸ್ಲೋ’ ಅನ್ನೋದಕ್ಕಿಂತ ಬೇಗ ಕೆಲಸ ಆಗುತ್ತದೆ.

ಕೇಬಲ್ ಅಥವಾ ಫೈಬರ್‌ಗೆ ಹೋಗುವವರು ಹಳೇ ಲ್ಯಾಂಡ್‌ಲೈನನ್ನು ಅದೇ ದಿನ ಸರೆಂಡರ್ ಮಾಡಬೇಡಿ. ಬಿಎಸ್ಸೆನ್ನೆಲ್‌ನಲ್ಲಿ ಅದೇ ನಂಬರ್ ಇಟ್ಟುಕೊಂಡು ಫೈಬರ್‌ಗೆ ಬದಲಾಗಲು ಅವಕಾಶವಿದೆ. ಬೇರೆಯವರ ಕನೆಕ್ಷನ್ ಆದರೆ ಒಂದು ತಿಂಗಳು, ಸಾಧ್ಯವಾದರೆ ಮಳೆ ಜೋರಿರುವ ತಿಂಗಳೇ, ಎರಡನ್ನೂ ಇಟ್ಟುಕೊಂಡು ನೋಡಿ.