ಜುಟ್ಟಿನಿಂದ ಕ್ರಾಪಿನವರೆಗೆ

ಚರಿತ್ರೆಯೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂದು ನಂಬಿದ್ದ ಮಕ್ಕಳಿಗೆ ತರಗತಿಯಲ್ಲಿ ನಾನು ಆಗಾಗ ಒಂದು ಮಾತು ಹೇಳುತ್ತಿದ್ದೆ: "ನಿಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ, ಅಲ್ಲಿಯೂ ಚರಿತ್ರೆಯಿದೆ." ಮಕ್ಕಳು ನಗುತ್ತಿದ್ದರು, ಮತ್ತು ಪಾಠ ಮುಂದೆ ಸಾಗುತ್ತಿತ್ತು. ಆ ಮಾತನ್ನು ವಿಸ್ತರಿಸಿ ಹೇಳಲು ಅಂದು ಸಮಯವಿರಲಿಲ್ಲ. ನಿವೃತ್ತನಾಗಿ ಜಾಲಿಯ ಮನೆಯಲ್ಲಿ ಕಡಲ ಗಾಳಿಗೆ ಮೈಯೊಡ್ಡಿ ಕುಳಿತಿರುವ ಈ ದಿನಗಳಲ್ಲಿ ಸಮಯಕ್ಕೇನೂ ಬರವಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮೊಮ್ಮಗ ಕಳೆದ ವಾರ ದೂರವಾಣಿಯಲ್ಲಿ, "ಅಜ್ಜಾ, ಕೂದಲು ಗಿಡ್ಡ ಬಿಟ್ಟವರಿಗೆ ಎಣ್ಣೆ ಬೇಕೋ ಬೇಡವೋ?" ಎಂದು ಕೇಳಿದ. ಅವನಿಗೆ ಕೊಡಬೇಕಾದ ಉತ್ತರದ ಜೊತೆಗೇ ಆ ಹಳೆಯ ಪಾಠವನ್ನೂ ಇಲ್ಲಿ ಮುಗಿಸಿಬಿಡುತ್ತೇನೆ.

ಗಂಡಸಿನ ಗಿಡ್ಡ ಕೂದಲು ಇಂದು ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಆದರೆ ನೂರೈವತ್ತು ವರ್ಷಗಳ ಹಿಂದೆ ಭಟ್ಕಳದ ಪೇಟೆಯಲ್ಲಿ ನಿಂತವನಿಗೆ ಎದುರು ಬರುವವನ ತಲೆ ನೋಡಿದರೆ ಸಾಕಿತ್ತು. ಅವನ ಮತ, ಜಾತಿ, ಕಸುಬುಗಳನ್ನು ಬಹುಮಟ್ಟಿಗೆ ಊಹಿಸಬಹುದಾಗಿತ್ತು. ವೈದಿಕರ ಮನೆಗಳಲ್ಲಿ ಚೌಲ ಸಂಸ್ಕಾರದಿಂದ ಮೊದಲ್ಗೊಂಡು ಜುಟ್ಟು ಜೀವಮಾನದ ಗುರುತು. ನವಾಯತ ಮುಸಲ್ಮಾನರಲ್ಲಿ ಶಿಶು ಹುಟ್ಟಿದ ಏಳನೆಯ ದಿನ ತಲೆಗೂದಲನ್ನು ತೆಗೆಸಿ, ಅದರ ತೂಕದಷ್ಟು ಬೆಳ್ಳಿಯನ್ನು ಬಡವರಿಗೆ ದಾನ ಮಾಡುವುದು ಪದ್ಧತಿ. ಹಜ್ ಯಾತ್ರೆಯ ಕೊನೆಯಲ್ಲಿ ಗಂಡಸರು ತಲೆ ಬೋಳಿಸಿಕೊಳ್ಳುವುದೋ ಕೂದಲನ್ನು ಗಿಡ್ಡಗೊಳಿಸುವುದೋ ವಿಧಿಯೇ ಆಗಿದೆ. ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನು ನೋಡಿದವರಿಗೆ ಜೈನ ಮುನಿಗಳ ಕೇಶಲೋಚದ ನೆನಪಾಗಬೇಕು. ಅವರು ಕತ್ತಿಯನ್ನು ಮುಟ್ಟದೆ, ತಮ್ಮ ಕೂದಲನ್ನು ತಮ್ಮ ಕೈಯಿಂದಲೇ ಕಿತ್ತುಕೊಳ್ಳುವವರು. ಹೀಗೆ ಒಂದೇ ಊರಿನಲ್ಲಿ ಕೂದಲು ಹಲವು ಅರ್ಥಗಳನ್ನು ಹೊತ್ತಿತ್ತು.

ಕೂದಲನ್ನು ಸರಕಾರ ಮುಟ್ಟಿದಾಗಲೆಲ್ಲ ಜಗತ್ತಿನಲ್ಲಿ ಗದ್ದಲವಾಗಿದೆ. ರಷ್ಯದ ಪೀಟರ್ ದೊರೆ ತನ್ನ ಪ್ರಜೆಗಳ ಗಡ್ಡಕ್ಕೆ ತೆರಿಗೆ ಹಾಕಿದ. ಚೀನದಲ್ಲಿ 1645ರಲ್ಲಿ ಮಂಚು ಅರಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಕಟ್ಟಪ್ಪಣೆ ಮಾಡಿದರು. 1911ರ ಕ್ರಾಂತಿಯಾದಾಗ ಜನರು ಅದೇ ಜಡೆಯನ್ನು ಕತ್ತರಿಸಿ ಎಸೆದರು. ಜಪಾನಿನಲ್ಲಿ 1871ರಲ್ಲಿ ಜುಟ್ಟು ತೆಗೆಸಲು ಅಪ್ಪಣೆಯಾಯಿತು. ನಮ್ಮ ದೇಶದ ಉದಾಹರಣೆಯೂ ಇದೆ. ಮದರಾಸು ಸೈನ್ಯದ ಸಿಪಾಯಿಗಳು ಸಮವಸ್ತ್ರದಲ್ಲಿರುವಾಗ ಹಣೆಯ ನಾಮ ವಿಭೂತಿಗಳನ್ನು ಧರಿಸಬಾರದು, ಗಡ್ಡ ತೆಗೆಯಬೇಕು, ಮೀಸೆಯನ್ನು ಒಂದೇ ಅಳತೆಗೆ ಕತ್ತರಿಸಬೇಕು, ಹೊಸ ಬಗೆಯ ಟೋಪಿ ಧರಿಸಬೇಕು ಎಂಬ ನಿಯಮಗಳು ಬಂದಾಗ, 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ದಂಗೆಯೇ ಎದ್ದಿತು. ಅಂದು ನಮ್ಮ ಕೆನರಾ ಜಿಲ್ಲೆಯೂ ಅದೇ ಮದರಾಸು ಆಡಳಿತಕ್ಕೆ ಸೇರಿತ್ತು. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ.

ಇಷ್ಟಾದರೂ ನಮ್ಮ ಕರಾವಳಿಯ ಗಂಡಸರ ಜುಟ್ಟನ್ನು ಯಾವ ಸರಕಾರವೂ ಕತ್ತರಿಸಲಿಲ್ಲ. ಇಂಗ್ಲಿಷ್ ಶಾಲೆ, ಕಚೇರಿಯ ಚಾಕರಿ, ಮುಂಬಯಿಯ ಹೋಟೆಲು ಮತ್ತು ಗಿರಣಿಗಳು ಸದ್ದಿಲ್ಲದೆ ಆ ಕೆಲಸವನ್ನು ಮಾಡಿದವು. 'ಕ್ರಾಪು' ಎಂಬ ಮಾತೇ ಇಂಗ್ಲಿಷಿನಿಂದ ಬಂದು ಕನ್ನಡವಾದದ್ದು. ಮುಂದಲೆಯಲ್ಲಿ ಕೂದಲು ಬಿಟ್ಟು ಬೈತಲೆ ತೆಗೆದು ಊರಿಗೆ ಮರಳಿದ ತರುಣನನ್ನು ಮನೆಯ ಹಿರಿಯರು ಪಂಕ್ತಿಯಿಂದ ಹೊರಗಿಟ್ಟ ಕಥೆಗಳನ್ನು ನನ್ನ ಬಾಲ್ಯದಲ್ಲಿ ಮುದುಕರ ಬಾಯಿಂದ ಕೇಳಿದ್ದೇನೆ. ಕೆಲವರು ಎರಡನ್ನೂ ಉಳಿಸಿಕೊಂಡರು: ಮುಂದೆ ಕ್ರಾಪು, ಹಿಂದೆ ಟೋಪಿಯಡಿ ಅಡಗಿದ ಕಿರುಜುಟ್ಟು. ಗಾಂಧೀಜಿಯವರೂ 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ, ಬರಿದಲೆಯಲ್ಲಿ ಕಂಡರೆ ಜನ ನಕ್ಕಾರೆಂಬ ಅಂಜಿಕೆಯಿಂದ ಶಿಖೆಯನ್ನು ತೆಗೆಸಿದ್ದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಂಡು ಹುಡುಗ ತನ್ನ ಜುಟ್ಟನ್ನು ತಾನೇ ತೆಗೆಸಿಕೊಂಡರೆ ಮನೆಯಲ್ಲಿ ಕೋಲಾಹಲವಾಗುತ್ತಿದ್ದ ಆ ಕಾಲದಲ್ಲಿಯೇ, ಅದೇ ಮನೆಯ ಹಿತ್ತಿಲಲ್ಲಿ ಎಳೆಯ ವಿಧವೆಯ ತಲೆಯನ್ನು ಅವಳ ಒಪ್ಪಿಗೆಯಿಲ್ಲದೆ ಬೋಳಿಸಲಾಗುತ್ತಿತ್ತು. ಮಂಗಳೂರಿನಲ್ಲಿ 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಗೆ ವಿಧವೆಯ ಬಾಳೇ ವಸ್ತು. ಅದಕ್ಕೂ ಒಂಬತ್ತು ವರ್ಷ ಮೊದಲು, 1890ರಲ್ಲಿ, ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರು ಇದರ ಹಿಂದಿದ್ದರು. ಪಂಡಿತರು ಶಾಸ್ತ್ರಾರ್ಥದಲ್ಲಿ ತೊಡಗಿದ್ದಾಗ, ಕತ್ತಿ ಹಿಡಿದವರೇ ಕತ್ತಿಯನ್ನು ಕೆಳಗಿಟ್ಟು ಧರ್ಮ ಯಾವುದೆಂದು ತೋರಿಸಿಕೊಟ್ಟರು. ಈ ಸಂಗತಿಯನ್ನು ಪಠ್ಯಪುಸ್ತಕದಲ್ಲಿ ನಾನು ಎಂದೂ ಕಾಣಲಿಲ್ಲ.

ಕ್ಷೌರಿಕರ ಬಗ್ಗೆ ನಮ್ಮ ಚರಿತ್ರೆ ಪೂರ್ತಿ ಮೌನವಾಗಿದೆಯೆಂದಲ್ಲ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನವರನ್ನು ಆ ವೃತ್ತಿಯ ಸಮುದಾಯವೊಂದು ತನ್ನ ಗುರುವೆಂದು ಇಂದಿಗೂ ಪೂಜಿಸುತ್ತದೆ. ಅವರ ಪತ್ನಿ ಲಿಂಗಮ್ಮ ಸ್ವತಃ ವಚನಕಾರ್ತಿ. ಹದಿನಾರನೆಯ ಶತಮಾನದ ನಡುಭಾಗದಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಅಳಿಯ ರಾಮರಾಯನು ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿ ಕ್ಷೌರಿಕರ ಮೇಲಿನ ತೆರಿಗೆಯನ್ನು ಮಾಫಿ ಮಾಡಿದ್ದನ್ನು ಶಾಸನಗಳು ಹೇಳುತ್ತವೆ. ಅರಸನಿಗೂ ಕತ್ತಿ ಹಿಡಿದವನ ಮುಂದೆ ಕೊರಳು ಚಾಚದೆ ವಿಧಿಯಿಲ್ಲ. ಅಷ್ಟು ವಿಶ್ವಾಸವನ್ನು ಮಂತ್ರಿಯ ಮೇಲೂ ಇಟ್ಟಿದ್ದನೋ ಇಲ್ಲವೋ!

ನನ್ನ ಬಾಲ್ಯದಲ್ಲಿ ನಮ್ಮ ಕಡೆ 'ಕೆಲಸಿ' ಎಂದು ಕರೆಯಲಾಗುತ್ತಿದ್ದ ಕ್ಷೌರಿಕರು ಮನೆಮನೆಗೆ ಬರುತ್ತಿದ್ದರು. ಹಿತ್ತಿಲ ತೆಂಗಿನ ಮರದ ನೆರಳಲ್ಲಿ ಮಣೆ, ಹಿತ್ತಾಳೆಯ ಬಟ್ಟಲಲ್ಲಿ ನೀರು, ಹಡಪದೊಳಗೆ ಕತ್ತಿ, ಕತ್ತರಿ, ಚರ್ಮದ ಪಟ್ಟಿ, ಪಟಿಕದ ತುಂಡು ಮತ್ತು ಕೈಯಿಂದ ಅದುಮುವ ಮಿಶನ್ನು. ಆ ಮಿಶನ್ನಿನ ಹಲ್ಲು ಮೊಂಡಾಗಿದ್ದರೆ ಕೂದಲು ಕತ್ತರಿಸುವುದಕ್ಕಿಂತ ಕೀಳುವುದೇ ಹೆಚ್ಚು. ಕಣ್ಣಲ್ಲಿ ನೀರು ಬಂದರೂ ಅಲುಗಾಡುವಂತಿಲ್ಲ. ಕೂಲಿ ರೊಕ್ಕದಲ್ಲಲ್ಲ, ಸುಗ್ಗಿಯ ಕಾಲದ ಭತ್ತದಲ್ಲಿ. ವರ್ಷವಿಡೀ ದುಡಿದು ಅಂಗಳದ ಮೂಲೆಯಲ್ಲಿ ನಿಂತು ಕೇಳಿ ಪಡೆಯಬೇಕಾಗಿದ್ದ ಆ ಭತ್ತಕ್ಕಿಂತ, ಪೇಟೆಯಲ್ಲಿ ಅಂಗಡಿಯಿಟ್ಟು, ಕನ್ನಡಿ ಕುರ್ಚಿ ಹಾಕಿ, ದರಪಟ್ಟಿ ತೂಗುಹಾಕಿ, ಬಂದವನನ್ನು ಸರತಿಯಲ್ಲಿ ಕೂರಿಸುವುದು ಎಷ್ಟೋ ಗೌರವದ ಬಾಳಾಗಿತ್ತು. ನನ್ನ ದೃಷ್ಟಿಯಲ್ಲಿ ಕ್ರಾಪಿನ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಬದಲಾವಣೆ ಇದೇ. ಮಣೆಯಿಂದ ಕುರ್ಚಿಗೆ ಏರಿದ್ದು ಗಿರಾಕಿಯಾದರೂ, ಕುಕ್ಕರಗಾಲಿನಿಂದ ಎದ್ದು ನಿಂತವನು ಕ್ಷೌರಿಕ.

ಆದರೆ ಕುರ್ಚಿ ಎಲ್ಲರಿಗೂ ಸಿಕ್ಕಿತೇ? ಗಾಂಧೀಜಿಯವರ ಆತ್ಮಕಥೆಯ ಇನ್ನೊಂದು ಪ್ರಸಂಗವನ್ನು ನೋಡಿರಿ. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವರು ಮಿಶನ್ನು ಕೊಂಡು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗ ಹೇಗೋ ಸರಿಹೋಯಿತು, ಹಿಂಭಾಗ ಕೆಟ್ಟಿತು. ನ್ಯಾಯಾಲಯದಲ್ಲಿ ಗೆಳೆಯರು ಇಲಿ ಕಡಿಯಿತೇ ಎಂದು ಗೇಲಿ ಮಾಡಿದರು. ಆದರೆ ಗಾಂಧೀಜಿ ಆ ಕ್ಷೌರಿಕನನ್ನು ದೂರಲಿಲ್ಲ. ಕರಿಯರ ಕ್ಷೌರ ಮಾಡಿದರೆ ಅವನ ಗಿರಾಕಿಗಳು ಹೋಗುತ್ತಿದ್ದರು; ನಾವೂ ನಮ್ಮ ಕ್ಷೌರಿಕರನ್ನು ಅಸ್ಪೃಶ್ಯ ಸೋದರರ ಸೇವೆಗೆ ಬಿಡುವುದಿಲ್ಲವಲ್ಲ ಎಂಬುದು ಅವರಿಗೆ ಹೊಳೆದ ಮಾತು. ತನಗಾದ ಅವಮಾನದಲ್ಲಿ ತನ್ನವರ ತಪ್ಪನ್ನು ಕಾಣುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 29ರಂದು ಚರ್ಚೆ ನಡೆದಾಗ ಡಾ. ಅಂಬೇಡ್ಕರ್ ಅವರು 'ಅಂಗಡಿ' ಎಂಬ ಪದವನ್ನು ವಿಶಾಲವಾದ ಅರ್ಥದಲ್ಲಿ, ಸೇವೆ ನೀಡುವ ಯಾವುದೇ ಸ್ಥಳವೆಂಬ ಅರ್ಥದಲ್ಲಿ, ವಿವರಿಸಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು 'ಅಂಗಡಿ'ಯ ವ್ಯಾಖ್ಯೆಯಲ್ಲಿ ಕ್ಷೌರದಂಗಡಿಯನ್ನು ಹೆಸರಿಟ್ಟೇ ಸೇರಿಸಿತು. ದೇಶದ ಕಾನೂನು ಒಂದು ಕುರ್ಚಿಯನ್ನು ಅಷ್ಟು ನಿರ್ದಿಷ್ಟವಾಗಿ ಗಮನಿಸಬೇಕಾಯಿತೆಂದರೆ ಆ ಕುರ್ಚಿಯಿಂದ ಎಷ್ಟು ಜನರನ್ನು ದೂರವಿಟ್ಟಿದ್ದಿರಬೇಕು, ಯೋಚಿಸಿರಿ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಘಟ್ಟದ ಮೇಲಿನ ಒಂದು ಹಳ್ಳಿಯಲ್ಲಿ. ಸೋಮವಾರ ಪ್ರಾರ್ಥನೆಯ ಬಳಿಕ ಮಕ್ಕಳ ಉಗುರು, ಕೂದಲು ನೋಡುವುದು ಶಾಲೆಯ ಕ್ರಮವಾಗಿತ್ತು. ಇಬ್ಬರು ಅಣ್ಣತಮ್ಮಂದಿರ ಕೂದಲು ಯಾವಾಗಲೂ ಕಿವಿಯ ಮೇಲೆ ಇಳಿಬಿದ್ದಿರುತ್ತಿತ್ತು. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಕೊನೆಗೆ ಶಾಲೆಯ ಜವಾನರು ಹೇಳಿದರು: ಊರಿನ ಅಂಗಡಿಯಲ್ಲಿ ಅವರ ಕೇರಿಯವರಿಗೆ ಕ್ಷೌರವಿಲ್ಲ, ತಂದೆಗೆ ಕೂಲಿಯಿಂದ ಬಿಡುವಾದ ದಿನ ಎಂಟು ಮೈಲಿ ನಡೆದು ಪೇಟೆಗೆ ಹೋಗಬೇಕು. ಅಂದಿನಿಂದ ಆ ಸೋಮವಾರದ ತಪಾಸಣೆಯಲ್ಲಿ ಕೂದಲನ್ನು ನೋಡುವುದನ್ನು ನಾನು ಕೈಬಿಟ್ಟೆ. ಇದು ಹಳೆಯ ಕಾಲದ ಮಾತೆಂದು ಸಮಾಧಾನಪಡುವಂತಿಲ್ಲ. 2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯಲ್ಲಿ, ಪರಿಶಿಷ್ಟರಿಗೆ ಕ್ಷೌರ ಮಾಡಿದ ಕ್ಷೌರಿಕರೊಬ್ಬರಿಗೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಅಲ್ಲಿ ಕ್ಷೌರಿಕನೂ ಬಲಿಪಶುವೇ ಎಂಬುದನ್ನು ಗಮನಿಸಬೇಕು.

ಅದೇ 2020ರಲ್ಲಿ ಕೊರೋನಾ ದಿಗ್ಬಂಧನದಿಂದ ಸೆಲೂನುಗಳೆಲ್ಲ ಮುಚ್ಚಿದಾಗ, ರಾಜ್ಯ ಸರಕಾರ ಮೇ ತಿಂಗಳಲ್ಲಿ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಎರಡೇ ತಿಂಗಳಲ್ಲಿ ದೊಡ್ಡ ದೊಡ್ಡವರೂ ಜಡೆಮುನಿಗಳಾದರು. ಅವರಿಲ್ಲದೆ ನಮ್ಮ ಮುಖ ನಮ್ಮದಲ್ಲವೆಂದು ಅಂದು ಎಲ್ಲರಿಗೂ ತಿಳಿಯಿತು.

ಇನ್ನು ಮೊಮ್ಮಗನ ಪ್ರಶ್ನೆಗೆ ಬರೋಣ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಉದ್ದ ಜಡೆಗೆ ಇದು ಲೆಕ್ಕಕ್ಕಿಲ್ಲ. ಎರಡು ಸೆಂಟಿಮೀಟರಿನ ಕ್ರಾಪಿಗಾದರೆ ಅರ್ಧದಷ್ಟು ಹೆಚ್ಚಳ. ಆದುದರಿಂದ ಕೂದಲು ಗಿಡ್ಡವಾದಷ್ಟೂ ಕ್ಷೌರ ಬೇಗ ಬೇಗ ಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ಎಂದಿಟ್ಟುಕೊಳ್ಳಬಹುದು. ನೆತ್ತಿಯ ಚರ್ಮದಲ್ಲಿ ತಾನಾಗಿ ಒಸರುವ ಜಿಡ್ಡು ಗಿಡ್ಡ ಕೂದಲಿನ ತುದಿಯವರೆಗೂ ಸುಲಭವಾಗಿ ತಲುಪುತ್ತದೆ. ಹೀಗಾಗಿ ಅದಕ್ಕೆ ಹೊರಗಿನ ಎಣ್ಣೆಯ ಅಗತ್ಯ ಕಡಿಮೆ, ತೊಳೆಯುವ ಅಗತ್ಯ ಹೆಚ್ಚು. ನಮ್ಮ ಕರಾವಳಿಯ ಬೆವರು ಮತ್ತು ಉಪ್ಪುಗಾಳಿಯಲ್ಲಂತೂ ಹೌದು.

ಹಾಗೆಂದು ತೆಂಗಿನೆಣ್ಣೆಯನ್ನು ತಳ್ಳಿಹಾಕಬೇಕಿಲ್ಲ. ಭಾರತದ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ಕೂದಲಿನೊಳಕ್ಕೆ ಇಳಿದು ಅದರ ಪ್ರೋಟೀನು ನಷ್ಟವಾಗದಂತೆ ತಡೆದದ್ದು ತೆಂಗಿನೆಣ್ಣೆ ಮಾತ್ರ. ಸ್ನಾನಕ್ಕೆ ಮೊದಲು ಸ್ವಲ್ಪ ಹಚ್ಚಿ ತೊಳೆದರೆ ಸಾಕು. ದಿನವಿಡೀ ತಲೆಯಿಂದ ಎಣ್ಣೆ ಇಳಿಯಬೇಕಿಲ್ಲ. ಆದರೆ ಹೊಟ್ಟು ಇದ್ದವರು ಎಣ್ಣೆ ಹಚ್ಚಬಾರದು. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಅದಕ್ಕೆ ಔಷಧಯುಕ್ತ ಶಾಂಪೂ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಅಂದಹಾಗೆ 'ಶಾಂಪೂ' ಎಂಬುದು ನಮ್ಮ ದೇಶದ 'ಚಾಂಪೊ', ಅಂದರೆ ಒತ್ತು, ತಿಕ್ಕು ಎಂಬ ಮಾತಿನಿಂದ ಹುಟ್ಟಿದ್ದು. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬವನು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಈ ವಿದ್ಯೆಯನ್ನು ಅಲ್ಲಿ ಜನಪ್ರಿಯಗೊಳಿಸಿದ. ನಮ್ಮ ಮನೆಗಳಲ್ಲಿ ಸೀಗೆಕಾಯಿ, ಅಂಟುವಾಳ, ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆ ಇವೇ ಆ ಕೆಲಸ ಮಾಡುತ್ತಿದ್ದವು; ಈಗಲೂ ಮಾಡುತ್ತವೆ.

ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ 1928ರಲ್ಲಿಯೇ ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ, ಅಷ್ಟೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರಿದರೆ ಗಾಬರಿಯಾಗಬೇಡಿ. ಒಂದು ಲಕ್ಷದಲ್ಲಿ ಅದು ಸಹಜ. ಮಳೆಗಾಲದಲ್ಲಿ ಒದ್ದೆ ತಲೆಗೆ ಟೋಪಿಯನ್ನೋ ಹೆಲ್ಮೆಟನ್ನೋ ಹಾಕಬೇಡಿ. ಬಾಚಣಿಗೆ ನಿಮ್ಮದೇ ಇರಲಿ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡನ್ನು ಹಾಕಲು ಕೇಳಿಕೊಳ್ಳಿ. ರಕ್ತದ ಮೂಲಕ ಹರಡುವ ಕಾಮಾಲೆಯಂಥ ರೋಗಗಳಿಂದ ಅದು ನಿಮ್ಮನ್ನೂ ಕ್ಷೌರಿಕರನ್ನೂ ಕಾಯುತ್ತದೆ.

ಕೊನೆಯದಾಗಿ, ಹಳೆಯ ಮೇಷ್ಟ್ರ ಎರಡು ಮಾತು. ಕೂದಲು ಕತ್ತರಿಸುವವರನ್ನು ಹೆಸರು ಹಿಡಿದು ಮಾತನಾಡಿಸಿ, ಅವರ ವೃತ್ತಿಯ ಹೆಸರನ್ನು ಬೈಗುಳವಾಗಿ ಬಳಸಬೇಡಿ. ನಿಮ್ಮ ಊರಿನ ಆ ಕುರ್ಚಿಯಲ್ಲಿ ಯಾರು ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂಬುದನ್ನು ಕನ್ನಡಿಯಲ್ಲೇ ಗಮನಿಸಿ. ಕೂರದವರಿದ್ದರೆ, ಅದರ ಕಾರಣವನ್ನು ವಿಚಾರಿಸುವುದು ಗಿರಾಕಿಯಾದ ನಿಮ್ಮ ಕರ್ತವ್ಯ. ಏಕೆಂದರೆ ಅಂಗಡಿಯವನು ಹೆದರುವುದು ಗಿರಾಕಿಗೇ.